ಡೆಕ್ ಕೆಳಗಿನ ಆಸರೆ: ಮರದ ಮೋಟುಕಂಬವೋ, ಕಾಂಕ್ರೀಟ್ ಬ್ಲಾಕೋ, ತಿರುಪು ಕಾಲೋ?

ತೊಲೆಯ ಅಡಿಗೂ ನೆಲಕ್ಕೂ ಒಂದು ಗೇಣಷ್ಟೇ ಜಾಗ ಇರುವ ಡೆಕ್ (ಮನೆಯ ಹೊರಗಿನ ಮರದ ಹಲಗೆಯ ಜಗಲಿ) ನಿಮ್ಮದಾದರೆ, ನನ್ನ ಓಟು ತಿರುಪಿ ಎತ್ತರ ಹೊಂದಿಸುವ ಗ್ಯಾಲ್ವನೈಸ್ಡ್ (ಸತು ಲೇಪಿಸಿದ ಉಕ್ಕಿನ) ಕಾಲಿಗೆ. ಮೂರನ್ನೂ ಒಂದೇ ಡೆಕ್ ಕೆಳಗೆ ಹಾಕಿ ನೋಡಿ ಹೇಳುತ್ತಿದ್ದೇನೆ.

ಹಳೆಯ ಮೋಟುಕಂಬಗಳು ಮೇಲಿಂದ ಗಟ್ಟಿಯಾಗೇ ಕಂಡವು. ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರೆ ಸಲೀಸಾಗಿ ಒಳಗೆ ಹೋಯಿತು. ಕೊಯ್ದ ತುದಿಯೇ ನೀರು ಹೀರುವ ಬಾಯಿ, ಅಲ್ವಾ? ಮರದ ತೇವ ಶೇ 20ರೊಳಗಿದ್ದರೆ ಅದು ಕೊಳೆಯುವುದಿಲ್ಲ. ಆದರೆ ಗಾಳಿಯಾಡದ ಕಡೆ ಮಣ್ಣಿಗೆ ತಾಗಿಕೊಂಡ ಮರ ಒಣಗುವುದು ಯಾವಾಗ? ಮತ್ತೆ ಮರವೇ ಬೇಕೆಂದರೆ ಮಣ್ಣಿಗೆ ತಾಗಿಸಬಹುದಾದ ದರ್ಜೆಯ, ಔಷಧಿ ಹೊಡೆದ ಮರ ತನ್ನಿ. ಕೊಯ್ದ ಕಡೆಗೆಲ್ಲ ಮತ್ತೆ ಔಷಧಿ ಹಚ್ಚಿ. ತಾಮ್ರದ ಔಷಧಿಯಾದರೆ ಸಾದಾ ಮೊಳೆ ಬೇಗ ತುಕ್ಕು ಹಿಡಿಯುತ್ತದೆ. ಗ್ಯಾಲ್ವನೈಸ್ಡ್ ಅಥವಾ ಸ್ಟೇನ್‌ಲೆಸ್ ಮೊಳೆಯೇ ಬೇಕು.

ಕಾಂಕ್ರೀಟ್ ಬ್ಲಾಕ್ ಅಗ್ಗ, ಕೊಳೆಯುವ ಮಾತೇ ಇಲ್ಲ. ಕಷ್ಟ ಇರುವುದು ಅದು ಕುಸಿದಾಗ. ಒಂದು ಬ್ಲಾಕ್ ಬೆರಳಷ್ಟು ಇಳಿದರೂ ಮೇಲಿನ ಹಲಗೆ ಕಾಲಿಟ್ಟಾಗ ಕುಣಿಯುತ್ತದೆ. ಎತ್ತರದ ಡೆಕ್ ಆದರೆ ಕೆಳಗೆ ನುಗ್ಗಿ ಸರಿಮಾಡಬಹುದು. ಇಲ್ಲಿ ತಲೆ ಇರಲಿ, ಭುಜವೂ ತೂರುವುದಿಲ್ಲ.

ಹಾಗಾಗಿ ಹಲಗೆ ಬಿಚ್ಚಬೇಕು. ಹಳೆ ಸ್ಕ್ರೂಗಳ ತಲೆ ತುಕ್ಕು ಹಿಡಿದು ಸವೆದಿರುತ್ತದೆ, ಬಿಟ್ ಸುಮ್ನೆ ಗಿರಗಿರ ತಿರುಗುತ್ತದೆ. ಕೆಲವನ್ನು ಕೊರೆದೇ ತೆಗೆಯಬೇಕಾಯಿತು. ಆಮೇಲೆ ತೊಲೆಗೆ ಜ್ಯಾಕ್ ಕೊಟ್ಟು ಎತ್ತಿ, ಬ್ಲಾಕ್ ಸರಿಸಿ, ಜಲ್ಲಿ ತುಂಬಿ, ರಸಮಟ್ಟ ಇಟ್ಟು ನೋಡು. ಇನ್ನೂ ಕೂದಲಷ್ಟು ತಗ್ಗು. ಮತ್ತೆ ಎತ್ತು. ಮರದ ಬೆಣೆ ತುರುಕಿದರೆ ಅದೂ ಅಮುಕಿ, ಕೊನೆಗೆ ಕೊಳೆಯುತ್ತದೆ. ಮೇಲಾಗಿ ತೊಲೆ ಕೂರುವ ಬ್ಲಾಕಿನ ಕಚ್ಚಿನಲ್ಲಿ ಮಳೆನೀರು ನಿಲ್ಲುತ್ತದೆ.

ತಿರುಪು ಕಾಲಿನಲ್ಲಿ ಇದೇ ಕೆಲಸ ಸ್ಪಾನರಿನ ಒಂದೆರಡು ಸುತ್ತು. ತೊಲೆಯ ಅಡಿಗೆ ಗಾಳಿ ಸಿಗುತ್ತದೆ. ಗೆದ್ದಲು ಹತ್ತಿದರೂ ಮಣ್ಣಿನ ಗೆರೆ ಎದ್ದು ಕಾಣುತ್ತದೆ. ಕೈ ಹೋಗಲು ಪ್ರತಿ ಸಾಲಿಗೂ ಒಂದು ಹಲಗೆ ಸುಲಭವಾಗಿ ಬಿಚ್ಚುವಂತೆ ಬಿಟ್ಟಿದ್ದೇನೆ. ತಿರುಪಿಗೆ ಗ್ರೀಸ್ ಹಚ್ಚಿ. ಕಾಲಿನ ತಟ್ಟೆ ಚಿಕ್ಕದು, ಬರೀ ಮಣ್ಣಿನ ಮೇಲಿಟ್ಟರೆ ಹೂತುಹೋಗುತ್ತದೆ. ಮೇಲ್ಮಣ್ಣು ತೆಗೆದು 10 ಸೆಂ.ಮೀ. ಜಲ್ಲಿ ದಮ್ಮಸು ಮಾಡಿ, ಅದರ ಮೇಲೆ ಚಪ್ಪಡಿ ಹಾಕಿ.

ಮನೆಗೋಡೆಗೆ ಬಿಗಿದ ಡೆಕ್‌ಗೆ ಇದು ಯಾವುದೂ ಸಾಲದು, ಅದಕ್ಕೆ ಸರಿಯಾದ ಪಾಯವೇ ಬೇಕು.

ತಿರುಪು ಕಾಲಿಗೆ ದುಡ್ಡು ಜಾಸ್ತಿ. ಅದಕ್ಕೇ ನೀರು ಹರಿಯುವ ಮೆತ್ತನೆಯ ಬದಿಗೆ ಮಾತ್ರ ಅದನ್ನು ಕೊಟ್ಟು, ಗಟ್ಟಿ ನೆಲದ ಬದಿಯಲ್ಲಿ ಬ್ಲಾಕ್ ಉಳಿಸಿಕೊಂಡೆ. ಮಳೆಗಾಲ ಮುಗಿದ ಮೇಲೆ ರಸಮಟ್ಟ ಹಿಡಿದು ಒಂದು ಸುತ್ತು ನೋಡುವ ಅಭ್ಯಾಸ ನನಗಿದೆ. ಆ ವ್ಯವಧಾನ ಇಲ್ಲದವರು ದಮ್ಮಸಿಗೇ ಹೆಚ್ಚು ಹೊತ್ತು ಕೊಟ್ಟು ಬ್ಲಾಕ್ ಹಾಕಿಕೊಳ್ಳಲಿ.