ಬೆಳಗಾವಿ ಜಿಲ್ಲೆಯ ಜನರ ಲೆಕ್ಕ: ಜನಗಣತಿ ಕೋಷ್ಟಕಗಳನ್ನು ಎಷ್ಟು ನಂಬಬಹುದು, ಹೇಗೆ ಬಳಸಬೇಕು

ಬೆಳಗಾವಿ ಜಿಲ್ಲೆಯಲ್ಲಿ ಕನ್ನಡದವರೆಷ್ಟು, ಮರಾಠಿಯವರೆಷ್ಟು, ಜೈನರೆಷ್ಟು ಎಂದು ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಅಂಕಿ ಹೇಳುತ್ತಾರೆ. ಅದನ್ನು ತಾಳೆ ನೋಡಲು ಕೇಂದ್ರ ಜನಗಣತಿ ಇಲಾಖೆಯ ಜಾಲತಾಣದಲ್ಲಿರುವ 2011ರ ಕೋಷ್ಟಕಗಳಿಗಿಂತ ಗಟ್ಟಿ ಆಧಾರ ಸದ್ಯ ಇಲ್ಲ. ದುಡ್ಡು ಕೊಡಬೇಕಿಲ್ಲ, ಎಕ್ಸೆಲ್ ಕಡತಗಳು ನೇರ ಇಳಿಯುತ್ತವೆ. ಪರೀಕ್ಷೆಗೆ ಓದುವವರು, ವರದಿಗಾರರು, ಎಂ.ಎ. ಪ್ರಬಂಧ ಬರೆಯುವವರು ಮೊದಲು ಹೋಗಬೇಕಾದ ಜಾಗ ಇದು. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಒಂದು ಅಂಕ ಯಾಕೆ ಕಳೆಯಿತು ಎಂಬುದೇ ಮುಂದಿನ ಬಹುಪಾಲು ಬರಹ.

ನಮ್ಮ ಗಣತಿ ಏನು ಕೇಳುತ್ತದೆ ಎಂಬುದು ಮೊದಲು ತಿಳಿದಿರಲಿ. ಅಮೆರಿಕದ ಕೌಂಟಿಗಳಲ್ಲಿ ಬಿಳಿಯರು, ಕಪ್ಪುಜನರು, ಏಷ್ಯನ್ನರು ಎಂದು ಎಣಿಸುವಂಥ ಪ್ರಶ್ನೆ ಇಲ್ಲಿಲ್ಲ. ಇಲ್ಲಿ ಕೇಳುವುದು ಧರ್ಮ, ತಾಯ್ನುಡಿ, ಬರುವ ಇನ್ನೆರಡು ಭಾಷೆ, ಪರಿಶಿಷ್ಟ ಜಾತಿಯೋ ಪಂಗಡವೋ ಎಂಬುದು. ಉಳಿದ ಜಾತಿಗಳ ಪೂರ್ತಿ ಅಂಕಿ ದೇಶಮಟ್ಟದಲ್ಲಿ ಕೊನೆಯ ಸಲ ಪ್ರಕಟವಾದದ್ದು 1931ರ ಗಣತಿಯಿಂದ. ಹಾಗಾಗಿ ಲಿಂಗಾಯತರೆಷ್ಟು, ಮರಾಠರೆಷ್ಟು, ಕುರುಬರೆಷ್ಟು ಎಂಬುದಕ್ಕೆ ಈ ಕೋಷ್ಟಕಗಳಲ್ಲಿ ಉತ್ತರ ಹುಡುಕಬೇಡಿ. ಲಿಂಗಾಯತರಿಗೆ ಧರ್ಮದ ಕೋಷ್ಟಕದಲ್ಲಿ ಪ್ರತ್ಯೇಕ ಕಾಲಂ ಇಲ್ಲ. ‘2011ರ ಗಣತಿ ಪ್ರಕಾರ ಲಿಂಗಾಯತರು ಶೇಕಡಾ ಇಷ್ಟು’ ಎಂದು ಯಾರಾದರೂ ಬರೆದಿದ್ದರೆ ಆ ಅಂಕಿ ಗಣತಿಯದ್ದಲ್ಲ.

ಬೇಕಾಗುವ ಕಡತಗಳು ಮೂರೇ. ಧರ್ಮಕ್ಕೆ ಸಿ-1, ತಾಯ್ನುಡಿಗೆ ಸಿ-16, ಪರಿಶಿಷ್ಟರ ಸಂಖ್ಯೆಗೆ ಪ್ರಾಥಮಿಕ ಜನಗಣತಿ ಸಾರ (ಪ್ರೈಮರಿ ಸೆನ್ಸಸ್ ಅಬ್‌ಸ್ಟ್ರಾಕ್ಟ್). ಪರಿಶಿಷ್ಟರಲ್ಲಿ ಒಂದೊಂದು ಜಾತಿ, ಪಂಗಡದ ಅಂಕಿಯೂ ಬೇಕಾದರೆ ಎ-10 ಮತ್ತು ಎ-11ರ ಜಿಲ್ಲಾವಾರು ಅನುಬಂಧ ತೆಗೆಯಿರಿ. ಕರ್ನಾಟಕದ ಕೋಡ್ 29. ಜಿಲ್ಲೆಗಳಲ್ಲಿ ಬೆಳಗಾವಿ 555, ಬಾಗಲಕೋಟೆ 556, ವಿಜಯಪುರ 557. ಕೋಡ್ ಹಾಕಿ ಹುಡುಕುವುದೇ ಲೇಸು. ಹೆಸರು ಬದಲಾದದ್ದು 2014ರ ನವೆಂಬರ್ 1ರಂದು, ಕಡತಗಳು ಬಳಸುವುದು 2011ರ ಹೆಸರುಗಳನ್ನು. ಹೀಗಾಗಿ ಅಲ್ಲಿರುವುದು ಬೆಲ್ಗಾಮ್, ಬಿಜಾಪುರ್ ಎಂದೇ. ಬೆಳಗಾವಿ ಎಂದು ಹುಡುಕಿ, ಏನೂ ಬಾರದೆ, ಮಾಹಿತಿಯೇ ಇಲ್ಲ ಎಂದು ಬಿಟ್ಟುಬಿಡುವವರು ಬಹಳ. ಸವದತ್ತಿ ತಾಲ್ಲೂಕಿನದ್ದೂ ಇದೇ ಪಾಡು, ಅದು ಪರಸಗಡ ಎಂಬ ಹಳೆಯ ಹೆಸರಿನಲ್ಲಿದೆ.

ಸಿ-16 ಕಡತವನ್ನು ತುಸು ಹತ್ತಿರದಿಂದ ನೋಡೋಣ, ಹೆಚ್ಚಿನ ತಪ್ಪುಗಳು ಆಗುವುದು ಅಲ್ಲೇ. ಪ್ರತಿ ಭಾಷೆಗೂ ಆರಂಕಿಯ ಕೋಡ್ ಇದೆ. ಕನ್ನಡ 007000, ಮರಾಠಿ 013000, ಉರ್ದು 022000. ಕೊನೆಗೆ ಮೂರು ಸೊನ್ನೆ ಇದ್ದರೆ ಅದು ಆ ಭಾಷೆಯ ಒಟ್ಟು ಮೊತ್ತ. ಅದರ ಕೆಳಗೆ ಬರುವ ಸಾಲುಗಳು ಜನ ಹೇಳಿದ ತಾಯ್ನುಡಿಗಳವು, ಅವೆಲ್ಲ ಮೇಲಿನ ಮೊತ್ತದೊಳಗೆ ಆಗಲೇ ಸೇರಿರುತ್ತವೆ. ಕಾಲಂ ಪೂರ್ತಿ ಒತ್ತಿ ಹಿಡಿದು ಕೂಡಿಸಿದರೆ ಜಿಲ್ಲೆಯ ಜನಸಂಖ್ಯೆ ಕನಿಷ್ಠ ಇಮ್ಮಡಿ ಬರುತ್ತದೆ. ಮೊದಲು ಜಿಲ್ಲೆ 555 ಎಂದು ಫಿಲ್ಟರ್ ಮಾಡಿ, ಉಪಜಿಲ್ಲೆಯ (ಅಂದರೆ ತಾಲ್ಲೂಕಿನ) ಕೋಡ್ ಬರೀ ಸೊನ್ನೆ ಇರುವ ಸಾಲುಗಳನ್ನಷ್ಟೇ ಉಳಿಸಿಕೊಳ್ಳಿ, ಆಮೇಲೆ ಮೂರು ಸೊನ್ನೆಯಿಂದ ಮುಗಿಯುವ ಭಾಷಾ ಕೋಡ್‌ಗಳನ್ನು ಆರಿಸಿ. ಬಂದ ಮೊತ್ತ 47,79,661ಕ್ಕೆ ಸರಿಹೊಂದಬೇಕು. ಹೊಂದದಿದ್ದರೆ ಎಲ್ಲೋ ಒಂದು ಸಾಲು ಹೆಚ್ಚು ಕಡಿಮೆ ಆಗಿದೆ. ಕೋಡ್‌ಗಳು ಪಠ್ಯವಾಗಿ ಕೂತಿರುವುದರಿಂದ ಅವನ್ನು ಸಂಖ್ಯೆಯಾಗಿ ಬದಲಿಸಬೇಡಿ, ಮೊದಲಿನ ಸೊನ್ನೆಗಳು ಹಾರಿಹೋಗುತ್ತವೆ.

ಹೀಗೆ ತೆಗೆದರೆ ಬೆಳಗಾವಿ ಜಿಲ್ಲೆಯಲ್ಲಿ ಕನ್ನಡ ತಾಯ್ನುಡಿಯವರು ಶೇ 68ರ ಸುಮಾರು, ಮರಾಠಿಯವರು ಶೇ 19ರ ಹತ್ತಿರ, ಉರ್ದುವಿನವರು ಶೇ 10ರ ಹತ್ತಿರ. ಇದು ಇಡೀ ಜಿಲ್ಲೆಯ ಸರಾಸರಿ ಎಂಬುದನ್ನು ಮರೆತಾಗಲೇ ಜಗಳ ಶುರು. ಮರಾಠಿ ಮಾತಾಡುವವರು ಖಾನಾಪುರ, ಬೆಳಗಾವಿ ತಾಲ್ಲೂಕು, ನಿಪ್ಪಾಣಿ ಭಾಗದಲ್ಲಿ ಒತ್ತಾಗಿದ್ದಾರೆ. ಸವದತ್ತಿ, ರಾಮದುರ್ಗ, ಬೈಲಹೊಂಗಲದ ಕಡೆ ತೀರ ಕಡಿಮೆ. ಜಿಲ್ಲೆಯ ಸರಾಸರಿ ತೋರಿಸಿ ಖಾನಾಪುರದ ಬಗ್ಗೆ ವಾದಿಸುವುದೂ ತಪ್ಪು, ಖಾನಾಪುರದ ಅಂಕಿ ಹಿಡಿದು ಇಡೀ ಜಿಲ್ಲೆಯ ಬಗ್ಗೆ ಮಾತಾಡುವುದೂ ತಪ್ಪು. ಅದೇ ಕಡತದಲ್ಲಿ ತಾಲ್ಲೂಕಿನ ಸಾಲುಗಳೂ ಇವೆ, ಅವನ್ನೇ ತೆಗೆದು ನೋಡಬಹುದು. ಈ ಕಡತದ ದೊಡ್ಡ ಬೆಲೆ ಇರುವುದೇ ಅದರಲ್ಲಿ.

ವಿಜಯಪುರ, ಬಾಗಲಕೋಟೆಯ ಲೆಕ್ಕ ಮಾಡುವವರು ಹಿಂದಿಯ ಸಾಲಿನಲ್ಲಿ ಮುಗ್ಗರಿಸುತ್ತಾರೆ. 006000 ಎದುರಿನ ಸಂಖ್ಯೆ ನೋಡಿ ಇಷ್ಟು ಮಂದಿ ಉತ್ತರ ಭಾರತದವರು ಬಂದು ನೆಲೆಸಿದ್ದಾರೆಂದು ಬರೆದುಬಿಡುತ್ತಾರೆ. ಗಣತಿಯವರು ಲಂಬಾಣಿ ಮಾತನ್ನು ಹಿಂದಿಯ ಗುಂಪಿನೊಳಗೆ ಸೇರಿಸಿದ್ದಾರೆ. ಅದರ ಕೆಳಗಿನ ಸಾಲುಗಳನ್ನು ಬಿಡಿಸಿದರೆ ಲಮಾಣಿ ಎಂದು ಪ್ರತ್ಯೇಕ ಅಂಕಿ ಕಾಣುತ್ತದೆ. ತಾಂಡಾಗಳಲ್ಲಿ ತಲೆಮಾರುಗಳಿಂದ ಬಾಳಿದವರನ್ನು ವಲಸೆಗಾರರೆಂದು ಬರೆಯುವುದು ಲೆಕ್ಕದ ತಪ್ಪಷ್ಟೇ ಅಲ್ಲ, ಆ ಜನರಿಗೆ ಮಾಡುವ ಅನ್ಯಾಯ. ಈ ಒಂದು ಸಾಲನ್ನು ಬಿಡಿಸಿ ನೋಡದೆ ಯಾರೂ ವಿಜಯಪುರದ ಭಾಷಾ ಲೆಕ್ಕ ಪ್ರಕಟಿಸಬಾರದು.

ಧರ್ಮದ ಸಿ-1 ಸರಳ. ಪ್ರತಿ ಜಿಲ್ಲೆಗೂ ತಾಲ್ಲೂಕಿಗೂ ಒಟ್ಟು, ಗ್ರಾಮೀಣ, ನಗರ ಎಂದು ಸಾಲುಗಳಿವೆ, ‘ಒಟ್ಟು’ ಇರುವುದನ್ನೇ ಹಿಡಿಯಿರಿ. ಬೆಳಗಾವಿಯಲ್ಲಿ ಹಿಂದೂಗಳು ಶೇ 84ಕ್ಕೆ ಮೇಲೆ, ಮುಸ್ಲಿಮರು ಶೇ 11ರಷ್ಟು, ಜೈನರು ಶೇ 3.7ರಷ್ಟು. ಜೈನರ ಅಂಕಿ ಚಿಕ್ಕದೆಂದು ಹಾಗೇ ದಾಟಿ ಹೋಗಬೇಡಿ. ರಾಜ್ಯದ ಜನಸಂಖ್ಯೆಯಲ್ಲಿ ಜೈನರ ಪಾಲು ಶೇ 1ಕ್ಕೂ ಕಡಿಮೆ, ಒಟ್ಟು ನಾಲ್ಕೂವರೆ ಲಕ್ಷದ ಒಳಗೆ. ಅವರಲ್ಲಿ ಪೌಣೆರಡು ಲಕ್ಷಕ್ಕೂ ಹೆಚ್ಚು ಮಂದಿ ಈ ಒಂದೇ ಜಿಲ್ಲೆಯವರು. ಇನ್ನೊಂದು ಮಾತು: ಮುಸ್ಲಿಮರ ಪಾಲೂ ಉರ್ದುವಿನ ಪಾಲೂ ಹತ್ತಿರವಿದ್ದರೂ ಒಂದೇ ಅಲ್ಲ. ಧರ್ಮ ಮತ್ತು ತಾಯ್ನುಡಿ ಎರಡನ್ನೂ ಒಟ್ಟಿಗೆ ಕೊಡುವ ಜಿಲ್ಲಾ ಕೋಷ್ಟಕ ಇಲ್ಲದ್ದರಿಂದ ಒಂದರ ಅಂಕಿಯಿಂದ ಇನ್ನೊಂದನ್ನು ಊಹಿಸಬಾರದು. ಇದು ಈ ಸೇವೆಯ ನಿಜವಾದ ಕೊರತೆ. ಎರಡು ಮೂರು ಭಾಷೆ ಬಲ್ಲವರ ಸಿ-17 ಕೋಷ್ಟಕವೂ ರಾಜ್ಯದ ಮಟ್ಟಕ್ಕೇ ನಿಲ್ಲುತ್ತದೆ. ಮನೆಯಲ್ಲೊಂದು, ಸಂತೆಯಲ್ಲೊಂದು ಮಾತಾಡುವ ಬೆಳಗಾವಿಯಂಥ ಜಿಲ್ಲೆಗೆ ಅದೇ ಎಲ್ಲಕ್ಕಿಂತ ಹೆಚ್ಚು ಬೇಕಿತ್ತು.

ಪರಿಶಿಷ್ಟರ ಅಂಕಿಯಲ್ಲಿ ಕಾನೂನು ಗೊತ್ತಿರಬೇಕು. ಬೆಳಗಾವಿಯಲ್ಲಿ ಪರಿಶಿಷ್ಟ ಜಾತಿ ಶೇ 12, ಪಂಗಡ ಶೇ 6ರ ಆಸುಪಾಸು. ವಿಜಯಪುರದಲ್ಲಿ ಜಾತಿ ಶೇ 20ರಷ್ಟಾದರೆ ಪಂಗಡ ಶೇ 2ಕ್ಕಿಂತ ಕಡಿಮೆ. ಗಣತಿ ಎಣಿಸುವುದು ಆ ದಿನ ಪಟ್ಟಿಯಲ್ಲಿದ್ದವರನ್ನು ಮಾತ್ರ. ಖಾನಾಪುರದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. 2011ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡವಾಗಿದ್ದದ್ದು ಉತ್ತರ ಕನ್ನಡದಲ್ಲಷ್ಟೇ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನು ಸೇರಿಸಿದ್ದು 2020ರ ತಿದ್ದುಪಡಿ. ಹಳೆಯ ಕೋಷ್ಟಕದಲ್ಲಿ ಅವರು ಕಾಣದಿದ್ದರೆ ಅವರು ಇಲ್ಲಿರಲಿಲ್ಲ ಎಂದು ಅರ್ಥವಲ್ಲ. ನಾಯಕ ಸಮುದಾಯದ ಪರ್ಯಾಯ ಹೆಸರಾಗಿ ತಳವಾರ, ಪರಿವಾರ ಸೇರಿದ್ದೂ ಅದೇ ತಿದ್ದುಪಡಿಯಲ್ಲಿ. ವಿಜಯಪುರದ ಪಂಗಡದ ಅಂಕಿಯನ್ನು ಇವತ್ತಿಗೆ ಹಾಗೇ ಬಳಸಬಾರದು ಎಂಬುದಕ್ಕೆ ಇಷ್ಟು ಸಾಕು.

ಹೊಸ ತಾಲ್ಲೂಕುಗಳ ವಿಷಯಕ್ಕೆ ಬಂದರೆ, 2011ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಹತ್ತೇ ತಾಲ್ಲೂಕು. ನಿಪ್ಪಾಣಿ, ಕಾಗವಾಡ, ಕಿತ್ತೂರು, ಮೂಡಲಗಿ, ಯರಗಟ್ಟಿ ಕಡತದಲ್ಲಿ ತಾಲ್ಲೂಕುಗಳಾಗಿ ಸಿಗುವುದಿಲ್ಲ. ಹಳ್ಳಿ, ಪಟ್ಟಣಗಳ ಪಟ್ಟಿ ಹಿಡಿದು ಪ್ರಾಥಮಿಕ ಸಾರದಿಂದ ಒಂದೊಂದನ್ನೇ ಕೂಡಿಸಿದರೆ ಹೊಸ ತಾಲ್ಲೂಕಿನ ಜನಸಂಖ್ಯೆ, ಪರಿಶಿಷ್ಟರ ಸಂಖ್ಯೆ ಸರಿಯಾಗಿ ಬರುತ್ತದೆ. ಧರ್ಮ, ಭಾಷೆ ಬರುವುದಿಲ್ಲ, ಅವು ಹಳ್ಳಿ ಮಟ್ಟದಲ್ಲಿ ಪ್ರಕಟವಾಗಿಲ್ಲ. ಬಾಗಲಕೋಟೆಯವರು 1991ರ ಜೊತೆ ಹೋಲಿಸುವಾಗ ಜಿಲ್ಲೆ ಬೇರೆಯಾದದ್ದು 1997ರಲ್ಲಿ ಎಂಬುದನ್ನು ನೆನಪಿಡಬೇಕು. ಅದಕ್ಕೂ ಹಿಂದಿನದೆಲ್ಲ ಅವಿಭಜಿತ ಬಿಜಾಪುರದ ಲೆಕ್ಕ.

ಬೆಳಗಾವಿ ನಗರ ಎಂದಾಗಲೂ ಯಾವ ಗಡಿ ಎಂದು ನೋಡಿಕೊಳ್ಳಿ. ಪಾಲಿಕೆಯೊಳಗೆ 4.9 ಲಕ್ಷದಷ್ಟು ಜನ. ದಂಡುಪ್ರದೇಶ (ಕ್ಯಾಂಟೋನ್ಮೆಂಟ್) ಮತ್ತು ಸುತ್ತಲ ಬೆಳೆದ ಊರುಗಳನ್ನು ಸೇರಿಸಿದ ನಗರ ಸಮೂಹದಲ್ಲಿ 6.1 ಲಕ್ಷ. ದಂಡುಪ್ರದೇಶಕ್ಕೆ ಪ್ರತ್ಯೇಕ ಸಾಲಿದೆ. ಮರಾಠಾ ಲಘು ಪದಾತಿ ದಳದ ಕೇಂದ್ರ ಅಲ್ಲಿರುವುದರಿಂದ ಅಲ್ಲಿನ ಅಂಕಿಗಳನ್ನು ಊರಿನ ಉಳಿದ ಬಡಾವಣೆಗಳ ಜೊತೆ ಹೋಲಿಸಬೇಡಿ.

ಈ ಕೋಷ್ಟಕಗಳು ಇಂಗ್ಲಿಷಿನಲ್ಲಿವೆ, ಊರುಗಳ ಹೆಸರೂ ಹಾಗೇ. ಜಿಲ್ಲೆಯ ಭಾಷೆಯಲ್ಲೇ ಜಿಲ್ಲೆಯ ಲೆಕ್ಕ ಸಿಗಬೇಕಿತ್ತು, ಕಳೆದ ಆ ಒಂದು ಅಂಕದಲ್ಲಿ ಅರ್ಧ ಇದಕ್ಕೇ. ಮುಂದಿನ ಗಣತಿಯ ಆಧಾರ ದಿನ 2027ರ ಮಾರ್ಚ್ 1, ಅದರಲ್ಲಿ ಎಲ್ಲ ಜಾತಿಗಳನ್ನೂ ಎಣಿಸುವುದಾಗಿ ಕೇಂದ್ರ ಸರಕಾರ ಹೇಳಿದೆ. ಆ ಕೋಷ್ಟಕಗಳು ಬರುವ ತನಕ ಇಲ್ಲಿಂದ ತೆಗೆದ ಪ್ರತಿ ಅಂಕಿಯ ಪಕ್ಕ ವರ್ಷ, ಕೋಷ್ಟಕದ ಹೆಸರು, ಹಳೆಯ ತಾಲ್ಲೂಕೋ ಹೊಸದೋ ಎಂಬುದನ್ನು ಬರೆದುಕೊಳ್ಳಿ, ಇಳಿಸಿಕೊಂಡ ಮೂಲ ಕಡತವನ್ನು ತಿದ್ದದೆ ಒಂದು ಪ್ರತಿ ಬೇರೆ ಇಡಿ.