ಹೊಳೆಯದ ರೂಪಾಯಿ ಬೇಕಾದರೆ ಈ ಅಂಗಡಿಗೆ ಹೋಗಿ

ಬೆಂಗಳೂರಿನ ಅವೆನ್ಯೂ ರೋಡಿನ ಒಂದು ಗಲ್ಲಿಯೊಳಗೆ, ಮೊದಲ ಮಹಡಿಯಲ್ಲಿರುವ ಹಳೇ ನಾಣ್ಯದ ಅಂಗಡಿ ಇದು. ಹೆಸರು ಹಾಕುತ್ತಿಲ್ಲ. "ಬೇಡ ಮೇಡಂ, ಜನ ಜಾಸ್ತಿ ಬಂದ್ರೆ ನನಗೇ ಕೂರೋಕೆ ಜಾಗ ಇರಲ್ಲ" ಅಂದರು ಅಂಗಡಿಯವರು. ಸುಳ್ಳಲ್ಲ, ಮೂರು ಜನ ನಿಂತರೆ ನಾಲ್ಕನೆಯವರು ಮೆಟ್ಟಿಲ ಮೇಲೆ ಕಾಯಬೇಕು.

ಈಗ ತಾನೇ ಟಂಕಸಾಲೆಯಿಂದ ಬಂದ ಹಾಗೆ ಫಳಫಳ ಅನ್ನುವ ನಾಣ್ಯ ಬೇಕಾದವರು ಇಲ್ಲಿಗೆ ಬರಬೇಡಿ. ಇಲ್ಲಿರುವುದೆಲ್ಲ ಸಂತೆಗೆ ಹೋಗಿ ಬಂದ, ಸೆರಗಿನ ತುದಿಯಲ್ಲಿ ಗಂಟು ಹಾಕಿಸಿಕೊಂಡ, ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿ ಜೊತೆ ಉಜ್ಜಾಡಿದ ದುಡ್ಡು. ನನಗೆ ಬೇಕಾದದ್ದೂ ಅದೇ. ಹಾಗಂತ ಸವೆದದ್ದೆಲ್ಲ ಚೆಂದ ಅಂತಲ್ಲ. ಸವೆತ ಎಲ್ಲ ಕಡೆ ಒಂದೇ ಸಮ ಇರಬೇಕು, ಇಸವಿ ಓದೋಕೆ ಬರಬೇಕು, ಅಂಚಿಗೆ ಪೆಟ್ಟು ಬಿದ್ದಿರಬಾರದು, ತಗ್ಗಿನಲ್ಲಿ ಕಪ್ಪು ಕೂತು ಉಬ್ಬಿದ ಕಡೆ ಮಾತ್ರ ಬೆಳ್ಳಿ ಕಾಣಬೇಕು. ಅಂಥದ್ದು ಹುಡುಕೋದೇ ಮಜಾ.

ಇದಕ್ಕೆ ಮೊದಲು ಆನ್‌ಲೈನಲ್ಲಿ ಒಬ್ಬರ ಹತ್ತಿರ ವಿಕ್ಟೋರಿಯಾ ರೂಪಾಯಿ ತರಿಸಿ ಮೋಸ ಹೋಗಿದ್ದೆ. ಫೋಟೋದಲ್ಲಿ ಕನ್ನಡಿ ಹಾಗಿತ್ತು. ಕೈಗೆ ಬಂದಾಗ ನೋಡಿದರೆ ಚೆನ್ನಾಗಿ ಪಾಲಿಷ್ ಹಾಕಿ ತಿಕ್ಕಿದ್ದಾರೆ, ರಾಣಿಯ ತಲೆಗೂದಲೆಲ್ಲ ಬೋಳು, ಮೇಲಿನ ಅಂಚಿನಲ್ಲಿ ಬೆಸುಗೆಯ ಗುರುತು. ಯಾರದೋ ಕಾಸಿನ ಸರದಿಂದ ಕೊಂಡಿ ಕಿತ್ತು ಮಾರಿದ್ದರು. ಸರದಲ್ಲಿದ್ದದ್ದಕ್ಕೆ ಬೇಜಾರಿಲ್ಲ, ಹೇಳದೆ ಮಾರಿದ್ದಕ್ಕೆ ಬೇಜಾರು.

ಈ ಅಂಗಡಿಯಲ್ಲಿ ಟ್ರೇನೇ ಮುಂದೆ ಇಟ್ಟುಬಿಡುತ್ತಾರೆ, ಭೂತಗನ್ನಡಿ ಕೊಡುತ್ತಾರೆ, ಆಮೇಲೆ ಅವರ ಪಾಡಿಗೆ ಪೇಪರ್ ಓದುತ್ತಾರೆ. ಐದನೇ ಜಾರ್ಜ್‌ನ ಬೆಳ್ಳಿ ರೂಪಾಯಿಗಳು ಇಪ್ಪತ್ತೋ ಇಪ್ಪತ್ತೈದೋ ಇದ್ದವು. ನಾನು ನೋಡೋದು ರಾಜನ ಮುಖ ಅಲ್ಲ, ಅವನ ನಿಲುವಂಗಿ ಮೇಲಿರುವ ಪುಟ್ಟ ಆನೆಯನ್ನು. 1911ರ ರೂಪಾಯಿಯಲ್ಲಿ ಆ ಆನೆಯ ಸೊಂಡಿಲು ಎಷ್ಟು ಮೋಟಾಗಿತ್ತು ಅಂದರೆ ಜನ ಅದನ್ನು ಹಂದಿ ಅಂದುಕೊಂಡರು, ಗಲಾಟೆಯಾಯಿತು, ಸರ್ಕಾರ ಉಳಿದ ನಾಣ್ಯಗಳನ್ನು ಕರಗಿಸಿ 1912ರಲ್ಲಿ ಆನೆಗೆ ಸರಿಯಾದ ಸೊಂಡಿಲು ಬಿಡಿಸಿತು. ನನಗೆ ಸಿಕ್ಕಿದ್ದು 1918ರದ್ದು. ಆನೆಯ ಬೆನ್ನು ನುಣ್ಣಗಾಗಿದೆ, ಸೊಂಡಿಲು ಮಾತ್ರ ಇನ್ನೂ ಇದೆ.

ತೂಕ ಹಾಕಿ ಅಂದೆ. ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ 11.58 ಗ್ರಾಂ ಬಂತು. ಹೊಸದಾಗಿದ್ದಾಗ 11.66, ಅಂದರೆ ಸರಿಯಾಗಿ ಒಂದು ತೊಲ. ನಮ್ಮಜ್ಜಿ ಕಷಾಯಕ್ಕೆ "ಒಂದು ರೂಪಾಯಿ ತೂಕ ಶುಂಠಿ" ಅಂತಿದ್ದರಲ್ಲ, ಅದೇ ರೂಪಾಯಿ ಇದು. ಎಂಬತ್ತು ಮಿಲಿಗ್ರಾಂ ಬೆಳ್ಳಿ ಯಾರ್ಯಾರ ಬೆರಳಿಗೆ ಅಂಟಿಕೊಂಡು ಹೋಯಿತೋ!

ಬೆಳ್ಳಿಯದ್ದು ಬೆಳ್ಳಿ ರೇಟಿಗೆ ತಕ್ಕಂತೆ ಏರುತ್ತದೆ, ಚೌಕಾಸಿ ನಡೆಯಲ್ಲ. ಕಡಿಮೆ ದುಡ್ಡಿನವರಿಗೆ ಇನ್ನೊಂದು ಟ್ರೇ ಇದೆ, ಅದೇ ನನಗೆ ಹೆಚ್ಚು ಇಷ್ಟ. ಕಾಲಾಣೆಗಳು ಚಾಕೊಲೇಟ್ ಬಣ್ಣಕ್ಕೆ ತಿರುಗಿವೆ. ಯುದ್ಧದ ಕಾಲದ ತೂತು ಕಾಸುಗಳಿವೆ, ತಾಮ್ರ ಉಳಿಸೋಕೆ ಮಧ್ಯಕ್ಕೇ ತೂತು ಹಾಕಿ 1943ರಿಂದ ಹೊರಡಿಸಿದ್ದು. ಕಮಲದ 20 ಪೈಸೆಗಳೂ ಇವೆ, ಅದನ್ನು ಲಕ್ಷ್ಮೀಪೂಜೆಗೆ ಅಂತ ನಮ್ಮಮ್ಮನೂ ಡಬ್ಬಿಯಲ್ಲಿ ಕೂಡಿಟ್ಟಿದ್ದಳು. ನಲವತ್ತು ರೂಪಾಯಿಗೆ ಒಂದು ಕಾಲಾಣೆ ತಗೊಂಡೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸೂ ಒಂದಿತ್ತು, ದಪ್ಪ ಬಿಲ್ಲೆ, ಅಚ್ಚು ದೊಡ್ಡದು ಬಿಲ್ಲೆ ಚಿಕ್ಕದು, ಹಾಗಾಗಿ ಕನ್ನಡ ಅಕ್ಷರ ಅರ್ಧಕ್ಕೇ ಕತ್ತರಿಸಿಹೋಗಿದೆ. ಬೆಲೆ ಕೇಳಿ ಸುಮ್ನೆ ವಾಪಸ್ ಇಟ್ಟೆ.

ನಾನಿದ್ದಾಗಲೇ ಒಬ್ಬರು ರಾಮ ಸೀತೆ ಚಿತ್ರದ 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ತಂದು ಲಕ್ಷಗಟ್ಟಲೆ ಕೇಳಿದರು. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ಇವರು ಬೈಯಲಿಲ್ಲ, ನಗಲಿಲ್ಲ. "ದೇವರ ಮನೇಲಿ ಇಡಿ ಸಾರ್, ಮಾರಬೇಡಿ" ಅಂದರು. ಆ ಒಂದು ಮಾತಿಗೇ ನನಗೆ ನಂಬಿಕೆ ಬಂತು.

ಕೊರತೆ ಇಲ್ಲವೇ? ಇದೆ. ಟ್ಯೂಬ್‌ಲೈಟ್ ಮಂಕು, ನಾಣ್ಯವನ್ನು ಕಿಟಕಿ ಹತ್ತಿರ ಹಿಡಿದು ನೋಡಿ. ಬಿಲ್ ನೀವಾಗಿ ಕೇಳಬೇಕು. ಪ್ಲಾಸ್ಟಿಕ್ ಹೋಲ್ಡರಿಗೆ ಹತ್ತು ರೂಪಾಯಿ ಬೇರೆ, ಸಾವಿರಗಟ್ಟಲೆ ವ್ಯಾಪಾರ ಮಾಡಿದವರಿಗೂ! 1940ರ ದಶಕದ ಸಾಮಾನ್ಯ ಅರ್ಧಾಣೆಗೆ "ಅಪರೂಪ" ಅಂತ ಚೀಟಿ ಅಂಟಿಸಿದ್ದಾರೆ, ಅದನ್ನು ನಂಬಬೇಡಿ.

ಮನೆಗೆ ಬಂದು ಯಜಮಾನರಿಗೆ ತೋರಿಸಿದರೆ, "ಹುಣಸೆಹಣ್ಣು ಹಾಕಿ ತೊಳೆದರೆ ಹೊಳೆಯುತ್ತೆ ಅಲ್ವಾ?" ಅಂದರು. ರೂಪಾಯಿ ಈಗ ನನ್ನ ಬೀರುವಿನಲ್ಲಿದೆ, ಬೀಗದ ಕೈ ನನ್ನ ಹತ್ತಿರ. 1950ರ ದಶಕದ ಕುದುರೆ ಚಿತ್ರದ ಒಂದು ಕಾಸು ಬಂದರೆ ತೆಗೆದಿಡಿ ಅಂತ ಹೇಳಿ ಬಂದಿದ್ದೇನೆ.