10ಎಕ್ಸ್ ಟ್ರಿಪ್ಲೆಟ್ ಹ್ಯಾಂಡ್ ಲೆನ್ಸ್: ಕೆರೆ ಅಂಚಿನ ನಾಟ್‌ವೀಡ್ ಗಿಡ ನೋಡೋರಿಗೆ ಇದು ಬೇಕೇ ಬೇಕು

ಈ ಲೆನ್ಸ್ ತಗೊಂಡು ಎರಡು ವರ್ಷ ಆಯ್ತು, ಮಳೆಗಾಲ ಮುಗಿದ ಮೇಲೆ ಭಾನುವಾರ ಬೆಳಿಗ್ಗೆ ಕೆರೆ ಕಡೆ ಹೊರಟ್ರೆ ಕೊರಳಲ್ಲೇ ಇರತ್ತೆ. ಮಡಚೋ ತರದ್ದು, ಸ್ಟೀಲ್ ಬಾಡಿ, ಒಳಗೆ ಮೂರು ಗಾಜು ಅಂಟಿಸಿರೋ ಟ್ರಿಪ್ಲೆಟ್, 10 ಪಟ್ಟು ದೊಡ್ಡದಾಗಿ ತೋರಿಸತ್ತೆ, ನನಗೆ 900 ರೂಪಾಯಿ ಹತ್ರ ಬಿತ್ತು.

ನಾನು ತಗೊಂಡಿದ್ದು ಒಂದೇ ಗುಂಪಿನ ಗಿಡಗಳಿಗೋಸ್ಕರ. ಕೆರೆ ಅಂಚಲ್ಲಿ ನೀರಲ್ಲೇ ಬುಡ ಇಟ್ಕೊಂಡು ನಿಂತಿರತ್ತಲ್ಲ, ಕಣಗಿಲೆ ತರ ಉದ್ದ ಎಲೆ, ಊದ್ಕೊಂಡ ಗೆಣ್ಣು, ತುದೀಲಿ ಗುಲಾಬಿನೋ ಬಿಳಿನೋ ಸಣ್ಣ ಹೂವಿನ ತೆನೆ, ಅದೇ ನಾಟ್‌ವೀಡ್. ಈಗಿನ ಹೆಸರು ಪರ್ಸಿಕೇರಿಯಾ, ಹಳೇ ಫ್ಲೋರಾಗಳಲ್ಲಿ, ಅಂದ್ರೆ ಗಿಡ ಗುರುತಿಸೋ ಪುಸ್ತಕಗಳಲ್ಲಿ, ಹುಡುಕಿದ್ರೆ ಪಾಲಿಗೋನಮ್ ಅಂತ ಸಿಗತ್ತೆ. ನಾವು ಸಾರು ಮಾಡೋ ಚುಕ್ಕೆ ಸೊಪ್ಪಿನ ಫ್ಯಾಮಿಲಿನೇ. ಮೊದಮೊದ್ಲು ನಾನು ಹೂವಿನ ಬಣ್ಣ ನೋಡಿ ಹೆಸರು ಹೇಳ್ತಿದ್ದೆ, ಗುಲಾಬಿ ಇದ್ರೆ ಒಂದು, ಬಿಳಿ ಇದ್ರೆ ಇನ್ನೊಂದು, ಅರ್ಧಕ್ಕರ್ಧ ತಪ್ಪು. ಎಲೆ ನಂಬಿದ್ರೂ ಅಷ್ಟೇ, ನೀರಲ್ಲಿ ಬೆಳೆದ ಗಿಡಕ್ಕೂ ಒಣಗಿದ ದಡದ ಮೇಲಿನ ಗಿಡಕ್ಕೂ ಎಲೆ ಸೈಜ್ ಒಂದಕ್ಕೊಂದು ಸಂಬಂಧನೇ ಇರಲ್ಲ.

ನೋಡಬೇಕಾಗಿದ್ದು ಗೆಣ್ಣು. ಪ್ರತಿ ಗೆಣ್ಣಲ್ಲೂ ಕಾಂಡನ ಸುತ್ತಿಕೊಂಡು ತೆಳ್ಳಗೆ ಕಾಗದದ ಕೊಳವೆ ತರ ಒಂದು ಒರೆ ಇರತ್ತೆ, ಓಕ್ರಿಯಾ ಅಂತಾರೆ, ಆ ಒರೆಯ ಮೇಲಿನ ಅಂಚಲ್ಲಿ ಕೂದಲು ಇದೆಯಾ, ಇದ್ರೆ ಎಷ್ಟು ಉದ್ದ ಅನ್ನೋದರಲ್ಲಿ ಮುಕ್ಕಾಲು ಉತ್ತರ ಸಿಕ್ಕಿಬಿಡತ್ತೆ. ಪರ್ಸಿಕೇರಿಯಾದಲ್ಲಿ ಗ್ಲಾಬ್ರಾ ಅನ್ನೋ ಒಂದು ಜಾತಿ ಇದೆ, ಗ್ಲಾಬ್ರಾ ಅಂದ್ರೆ ಲ್ಯಾಟಿನಲ್ಲಿ ಬೋಳು, ಅದರ ಒರೆಯ ಅಂಚು ಕತ್ತರೀಲಿ ಕತ್ತರಿಸಿದ ಹಾಗೆ ನುಣ್ಣಗೆ. ಇನ್ನೊಂದು ಜಾತಿ ಬಾರ್ಬಾಟಾ, ಅಂದ್ರೆ ಗಡ್ಡ ಇರೋದು, ಅದರ ಒರೆಗೆ ನಿಜವಾಗ್ಲೂ ಉದ್ದುದ್ದ ಗಡ್ಡ, ಒಂದು ಸೆಂಟಿಮೀಟರ್ ದಾಟತ್ತೆ, ಬರೀ ಕಣ್ಣಿಗೇ ಕಾಣತ್ತೆ. ಕಷ್ಟ ಇರೋದು ಹೈಡ್ರೋಪೈಪರ್ ಅನ್ನೋ ಮೂರನೇ ಜಾತಿ ಹತ್ರ, ಅದರ ಅಂಚಿನ ಕೂದಲು ಗಿಡ್ಡ, ಹಳೇ ಗೆಣ್ಣಲ್ಲಿ ಉದುರಿಹೋಗಿ ಬೋಳಾಗೇ ಕಾಣತ್ತೆ, ಅದಕ್ಕೇ ಯಾವಾಗ್ಲೂ ತುದಿ ಕಡೆಯ ಎಳೇ ಗೆಣ್ಣನ್ನೇ ನೋಡಬೇಕು. ಲೆನ್ಸ್ ಕೆಳಗೆ ಅದರ ಹೂವಿನ ದಳದ ಮೇಲೆ ಹಳದಿ ಮಿಶ್ರಿತ ಚುಕ್ಕೆ ಚುಕ್ಕೆ ಗ್ರಂಥಿಗಳು ಕಾಣತ್ವೆ, ಮೊದಲ ಸಲ ಅದನ್ನ ನೋಡಿದ ದಿನ ಕೆಸರಲ್ಲಿ ಮಂಡಿ ಊರಿಕೊಂಡು ಎಷ್ಟು ಹೊತ್ತು ಕೂತಿದ್ನೋ ಗೊತ್ತಿಲ್ಲ, ಅಷ್ಟು ಚೆನ್ನಾಗಿತ್ತು. ಎಲೆ ಚೂರು ಕಚ್ಚಿದ್ರೆ ಮೆಣಸಿನ ಖಾರ ಹೊಡೆಯತ್ತೆ ಅಂತಾರೆ, ನಿಜನೇ, ಹೈಡ್ರೋಪೈಪರ್ ಅನ್ನೋ ಹೆಸರಿನ ಅರ್ಥವೇ ನೀರುಮೆಣಸು, ಆದ್ರೆ ನಮ್ಮ ಕೆರೆಗಳಿಗೆ ಯಾವ ಚರಂಡಿ ಬಂದು ಸೇರತ್ತೋ ಯೋಚ್ನೆ ಮಾಡಿ, ದಯವಿಟ್ಟು ಬಾಯಿಗೆ ಹಾಕ್ಕೋಬೇಡಿ, ಲೆನ್ಸ್ ಸಾಕು.

ಬೀಜಕ್ಕೂ ಇದು ಬೇಕು. ಬಾರ್ಬಾಟಾ ಬೀಜ ಮೂರು ಮೂಲೆ, ಕಪ್ಪು, ಮಿರಮಿರ. ಗ್ಲಾಬ್ರಾದ್ದು ಬೇಳೆ ತರ ಎರಡು ಮೈ, ಹೊಳಪಿದೆ. ಹೈಡ್ರೋಪೈಪರ್ ಬೀಜಕ್ಕೆ ಹೊಳಪೇ ಇಲ್ಲ, ಮೈಯೆಲ್ಲ ತರಿತರಿ. ಈ ತರಿತರಿ ಅನ್ನೋದು ಕಾಣಬೇಕಂದ್ರೆ ಗಾಜು ಒಳ್ಳೇದಿರಬೇಕು.

ಅಲ್ಲೇ ನಾನು ಮೊದ್ಲು ಮೋಸ ಹೋಗಿದ್ದು. 30ಎಕ್ಸ್ ಅಂತ ಬರೆದಿದ್ದ ಅಗ್ಗದ ಲೆನ್ಸ್ ಒಂದನ್ನ ಆನ್‌ಲೈನಲ್ಲಿ ತಗೊಂಡಿದ್ದೆ, ಕಂಪನಿ ಹೆಸರು ಬೇಡ. ಅಂಚಲ್ಲೆಲ್ಲ ಕಾಮನಬಿಲ್ಲು, ನಡುವೆ ಮಾತ್ರ ಕ್ಲಿಯರ್, ಇದರ ಪಕ್ಕ ಇಟ್ಟು ನೋಡಿದ್ರೆ 10ಎಕ್ಸ್‌ಗಿಂತ ಜಾಸ್ತಿ ಏನೂ ದೊಡ್ಡದು ಮಾಡ್ತಿರ್ಲಿಲ್ಲ. ನಿಜವಾದ 30ಎಕ್ಸ್ ಆದ್ರೂ ಹೊರಗಡೆ ಉಪಯೋಗ ಕಮ್ಮಿ, ಗಿಡನ ಲೆನ್ಸಿಗೆ ಒಂದು ಸೆಂಟಿಮೀಟರ್‌ಗಿಂತ ಹತ್ರ ಹಿಡೀಬೇಕು, ಬೆಳಕೇ ಬೀಳಲ್ಲ. 10ಎಕ್ಸ್‌ಗೆ ಎರಡೂವರೆ ಸೆಂಟಿಮೀಟರ್ ಜಾಗ ಸಿಗತ್ತೆ. ಲೆನ್ಸನ್ನ ಕಣ್ಣಿಗೆ ಒತ್ತಿಕೊಂಡ ಹಾಗೆ ಹಿಡಿದು ಗಿಡನ ಹತ್ರ ತರಬೇಕು, ಗಿಡದ ಮೇಲೆ ಲೆನ್ಸ್ ಹಿಡಿದು ದೂರದಿಂದ ಬಗ್ಗಿ ನೋಡಿದ್ರೆ ಏನೂ ಸಿಗಲ್ಲ, ತುಂಬ ಜನ ಹಾಗೇ ನೋಡಿ ಲೆನ್ಸ್ ಸರಿಯಿಲ್ಲ ಅಂತಾರೆ.

ಲೆನ್ಸ್ ಬೇಡದ ಗಿಡಗಳೂ ಇವೆ ಬಿಡಿ. ಮಡಿಕೇರಿ ಕಡೆ ರಸ್ತೆ ಬದಿ ಬೇಲಿ ಮೇಲೆ ಹಬ್ಬಿರೋ ಚೈನೆನ್ಸಿಸ್ ಅನ್ನೋ ಪರ್ಸಿಕೇರಿಯಾ ಜಾತಿಗೆ ಅಗಲ ಎಲೆ, ಉಂಡೆ ಉಂಡೆ ಹೂವು, ಕಾಯಿ ಸುತ್ತ ರಸ ತುಂಬಿದ ಸಿಪ್ಪೆ, ದೂರದಿಂದ್ಲೇ ಗೊತ್ತಾಗತ್ತೆ. ಒಣಗಿದ ಕೆರೆ ಅಂಗಳದಲ್ಲಿ ನೆಲಕ್ಕೆ ಚಾಪೆ ಹಾಸಿದ ಹಾಗೆ ಇರೋ ಪಾಲಿಗೋನಮ್ ಪ್ಲೆಬಿಯಮ್ ಕೂಡ ಅಷ್ಟೇ, ಇದರ ಹೆಸರು ಮಾತ್ರ ಈಗಲೂ ಪಾಲಿಗೋನಮ್ಮೇ.

ಇಂಗ್ಲೆಂಡಲ್ಲಿರೋ ನನ್ನ ಅಕ್ಕನಿಗೂ ಇದೇ ತರದ್ದು ತಗೋ ಅಂದೆ. ಅಲ್ಲಿ ಮನೆ ಮಾರೋರು ತುಂಬೋ ಟಿಎ6 ಅನ್ನೋ ಆಸ್ತಿ ಮಾಹಿತಿ ಫಾರ್ಮಲ್ಲಿ, ಜೋರಾಗಿ ಹಬ್ಬೋ ಕಳೆ ಜಪಾನೀಸ್ ನಾಟ್‌ವೀಡ್ ಇದೆಯಾ ಅಂತ ಕೇಳ್ತಾರೆ, ಅವಳು ಮನೆ ನೋಡ್ತಾ ಇದ್ದಾಗ ಹಿತ್ತಲ ಗಿಡದ ಫೋಟೋ ಕಳಿಸಿದ್ಲು. ಎಲೆ ತಿರುಗಿಸಿ ಹಿಂದಿನ ನರದ ಮೇಲೆ ನೋಡು ಅಂದೆ, ಕೂದಲಿಲ್ಲದೆ ಬರೀ ಸಣ್ಣ ಗುಬುಟು ಇದ್ರೆ ಜಪಾನೀಸ್, ಉದ್ದ ಕೂದಲಿದ್ರೆ ಜೈಂಟ್ ನಾಟ್‌ವೀಡ್, ಗಿಡ್ಡ ಮುಳ್ಳಿನ ತರ ಇದ್ರೆ ಎರಡರ ಮಿಶ್ರತಳಿ ಬೊಹೆಮಿಯನ್. ಅವಳಿಗೆ ಗಿಡ್ಡ ಮುಳ್ಳೇ ಸಿಕ್ತು. ಮಿಶ್ರತಳಿ ಆದ್ರೂ ಹಬ್ಬೋದು ಅಷ್ಟೇ ಜೋರು, ಆಮೇಲೆ ಸರ್ವೇ ಮಾಡಿಸಿದ್ಲು.

ದೂರು ಎರಡೇ. ಜೊತೆಗೆ ಕೊಟ್ಟ ರೆಕ್ಸಿನ್ ಪೌಚ್ ಒಂದೇ ಮಳೆಗಾಲಕ್ಕೆ ಹರಿದು ಬಂತು. ಮಡಚೋ ಜಾಗದ ಸ್ಕ್ರೂ ಆರು ತಿಂಗಳಿಗೆ ಸಡಿಲ ಆಗತ್ತೆ, ಕನ್ನಡಕದ ಅಂಗಡೀಲಿ ಕೇಳಿದ್ರೆ ಒಂದು ನಿಮಿಷದಲ್ಲಿ ಟೈಟ್ ಮಾಡಿಕೊಡ್ತಾರೆ. ದಾರ ಮಾತ್ರ ಕೆಂಪು ಬಣ್ಣದ್ದೇ ಕಟ್ಟಿ, ಕಪ್ಪು ದಾರ ಕಟ್ಟಿದ್ದಾಗ ಕೆಸರಲ್ಲಿ ಬಿದ್ದು ಹುಡುಕೋಕೆ ಅರ್ಧ ಗಂಟೆ ಹಿಡೀತು.